ದೂರದಿಂದಲೇ ಚರ್ಮರೋಗ ಪರೀಕ್ಷೆ: ಕಣ್ಣಿಗೆ ಕಾಣುವುದು, ಕೈಗೆ ತಿಳಿಯುವುದು

ಕಾಯವನ್ನು ದೇಗುಲವೆಂದು ಬಗೆದ ಶರಣ ಪರಂಪರೆಯಲ್ಲಿ ವೈದ್ಯವೃತ್ತಿಯೂ ಒಂದು ಕಾಯಕ. ಹನ್ನೆರಡನೆಯ ಶತಮಾನದ ವೈದ್ಯ ಸಂಗಣ್ಣ ಅದನ್ನೇ ನೆಚ್ಚಿ ಬಾಳಿದ ಶರಣ. ಆದರೆ ಆ ದೇಗುಲದ ಹೊರಗೋಡೆಯಾದ ಚರ್ಮದ ಮೇಲೆ ಒಂದು ಕಲೆ ಮೂಡಿದರೆ ನಮ್ಮ ಮನೆಗಳಲ್ಲಿ ಮೊದಲು ನಡೆಯುವುದು ಚಿಕಿತ್ಸೆಯಲ್ಲ, ಮುಚ್ಚಿಡುವ ಪ್ರಯತ್ನ. ಮದುವೆಯ ವಯಸ್ಸಿನ ಮಗಳಿದ್ದರಂತೂ ಆ ಮಾತು ಹೊಸಿಲು ದಾಟುವುದಿಲ್ಲ.

ಸಂಕೋಚಕ್ಕೆ ದೂರವೂ ಜೊತೆಗೂಡುತ್ತದೆ. ಸಿರುಗುಪ್ಪದಿಂದ ಬಳ್ಳಾರಿಗೆ ಸುಮಾರು 55 ಕಿ.ಮೀ., ಕುರುಗೋಡಿನಿಂದ ಸುಮಾರು 30 ಕಿ.ಮೀ. ತುಂಗಭದ್ರೆಯ ನೀರುಂಡ ಭತ್ತದ ಗದ್ದೆಯ ಕೆಸರಿನಲ್ಲಿ ನಿಂತವರ ಕಾಲ್ಬೆರಳ ಸಂದಿಯ ಹುಣ್ಣಿಗಾಗಲಿ, ಬಿಸಿಲಿಗೆ ಬೆವೆತ ಮೈಯ ಹುಳುಕಡ್ಡಿಗಾಗಲಿ ದಿನದ ಕೂಲಿ ಬಿಟ್ಟು ನಗರಕ್ಕೆ ಹೋಗುವವರು ವಿರಳ. ಔಷಧಿ ಅಂಗಡಿಯ ಮುಲಾಮೇ ಅವರಿಗೆ ಗತಿ.

ಈ ಎರಡು ಅಡ್ಡಿಗಳನ್ನೂ ಕಡಿಮೆ ಮಾಡಬಲ್ಲ ಸಾಧನ ಇಂದು ಕೈಗೆ ಬಂದಿದೆ. ಕೇಂದ್ರ ಸರಕಾರದ ಇ-ಸಂಜೀವಿನಿ ಸೇವೆ 2019ರಲ್ಲಿ ಆರಂಭವಾಯಿತು; 2020ರ ಏಪ್ರಿಲ್‌ನಿಂದ ರೋಗಿಗಳು ಮನೆಯಿಂದಲೇ ವೈದ್ಯರನ್ನು ವೀಡಿಯೊ ಮೂಲಕ ಕಾಣುವಂತಾಯಿತು. ಮೊಬೈಲ್ ಬಳಸಲು ಬಾರದವರಿಗೆ ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿಯೇ ಸಂಪರ್ಕ ಕಲ್ಪಿಸಬಲ್ಲರು. ಚರ್ಮರೋಗವು ಕಣ್ಣಿಗೆ ಕಾಣುವ ರೋಗವಾದ್ದರಿಂದ ಈ ವಿಧಾನ ಅದಕ್ಕೆ ಚೆನ್ನಾಗಿ ಹೊಂದುತ್ತದೆ. ಸುತ್ತೂರು ಶ್ರೀಮಠದ ಆಶ್ರಯದಲ್ಲಿ ಬೆಳೆದ ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಚರ್ಮರೋಗ ತಜ್ಞ ಡಾ. ಗರೇಹಟ್ಟಿ ರುದ್ರಪ್ಪ ಕಾಂತರಾಜ್ ಅವರು 2007ರಷ್ಟು ಹಿಂದೆಯೇ ಈ ವಿಷಯವನ್ನು ಕುರಿತು ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದಾರೆಂಬುದು ನಮಗೆ ಹೆಮ್ಮೆಯ ಸಂಗತಿ.

ಆದರೆ ವೈದ್ಯರು ಕಾಣಬೇಕಾದರೆ ನಾವು ತೋರಿಸಬೇಕು. ವೀಡಿಯೊದಲ್ಲಿ ಚಿತ್ರ ಮಸುಕಾಗುವುದುಂಟು. ಆದ್ದರಿಂದ ಹಗಲಿನ ಬೆಳಕಿನಲ್ಲಿ ಒಂದು ಚಿತ್ರವನ್ನು ಹತ್ತಿರದಿಂದಲೂ ಒಂದನ್ನು ದೂರದಿಂದಲೂ ತೆಗೆದಿಟ್ಟುಕೊಳ್ಳುವುದು ಲೇಸು. ಆ ಜಾಗಕ್ಕೆ ಅರಿಶಿನ, ಎಣ್ಣೆ, ವಿಭೂತಿ ಯಾವುದೂ ಇರಬಾರದು. ಗುಪ್ತ ಭಾಗದ ರೋಗವಾದರೆ ಹೆಣ್ಣುಮಕ್ಕಳು ಮಹಿಳಾ ವೈದ್ಯರನ್ನು ಕೇಳಲು ಸಂಕೋಚಪಡಬೇಕಿಲ್ಲ. ಹಚ್ಚಿದ ಮುಲಾಮಿನ ಹೆಸರನ್ನು ಮಾತ್ರ ಮರೆಮಾಚಬಾರದು. ಸ್ಟೀರಾಯ್ಡ್ ಬೆರೆತ ಮುಲಾಮು ಹುಳುಕಡ್ಡಿಯ ತುರಿಕೆಯನ್ನು ಒಮ್ಮೆ ತಗ್ಗಿಸಿ, ಶಿಲೀಂಧ್ರವನ್ನು ಒಳಗೊಳಗೇ ಹಬ್ಬಿಸುತ್ತದೆ. ಉಂಗುರದಂತಿದ್ದ ರೋಗದ ರೂಪವನ್ನೇ ಬದಲಿಸಿ ವೈದ್ಯರ ಕಣ್ಣಿಗೂ ಮಣ್ಣೆರಚುತ್ತದೆ.

ಇನ್ನು ಪರದೆಯ ಮಿತಿ. ಮೈಮೇಲಿನ ಪೇಲವ ಅಥವಾ ಕೆಂಪು ಮಚ್ಚೆಯಲ್ಲಿ ಸ್ಪರ್ಶದ ಅರಿವು ತಗ್ಗಿದ್ದರೆ ಅದು ಕುಷ್ಠರೋಗದ ಲಕ್ಷಣ. ಮಚ್ಚೆ ಪರದೆಯಲ್ಲಿ ಕಂಡೀತು. ಅರಿವುಂಟೋ ಇಲ್ಲವೋ ಎಂಬುದನ್ನು ವೈದ್ಯರು ಮುಟ್ಟಿಯೇ ತಿಳಿಯಬೇಕು, ನರ ದಪ್ಪಗಾಗಿದೆಯೇ ಎಂದು ಬೆರಳಿಟ್ಟೇ ನೋಡಬೇಕು. ನೇರ ಪರೀಕ್ಷೆ ಅಗತ್ಯವೆನಿಸಿದರೆ ವೈದ್ಯರು ರೋಗಿಯನ್ನು ಬರಹೇಳಬೇಕೆಂಬುದೇ 2020ರ ದೂರವೈದ್ಯ ಮಾರ್ಗಸೂಚಿಯ ಆಶಯ. ಹಾಗೆ ಬರಹೇಳಿದಾಗ ಹೋಗಲೇಬೇಕು. ಅದಕ್ಕೆಂದೇ ಹತ್ತಿರದ ಸರಕಾರಿ ಆಸ್ಪತ್ರೆಗಳಿವೆ, 1961ರಲ್ಲಿ ಆರಂಭವಾದ ಬಳ್ಳಾರಿಯ ವೈದ್ಯಕೀಯ ಕಾಲೇಜಿದೆ.

ಕುಷ್ಠರೋಗ ಶಾಪವಲ್ಲ, ಪೂರ್ವಜನ್ಮದ ಕರ್ಮವಲ್ಲ; ಅದು ರೋಗಾಣುವಿನಿಂದ ಬರುವ, ಸಂಪೂರ್ಣ ಗುಣವಾಗುವ ಕಾಯಿಲೆ. ಬಹುಔಷಧ ಚಿಕಿತ್ಸೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ತಡಮಾಡಿದರೆ ಮಾತ್ರ ನರಗಳು ಸತ್ತು ಕೈಬೆರಳುಗಳು ಸೊಟ್ಟಗಾಗುತ್ತವೆ. ಹಾಗೆ ಕಳೆದ ಅರಿವು ಔಷಧದಿಂದ ಮರಳಿ ಬರುವುದು ಕಷ್ಟ. ತೊನ್ನಂತೂ ಅಂಟುರೋಗವೇ ಅಲ್ಲ. ಎಷ್ಟೋ ಮನೆಗಳಲ್ಲಿ ಒಂದಕ್ಕೆ ಮತ್ತೊಂದರ ಹೆಸರಿಟ್ಟು ಎರಡನ್ನೂ ಮುಚ್ಚಿಟ್ಟದ್ದುಂಟು.

ದೂರದ ವೈದ್ಯರನ್ನು ಯಂತ್ರ ಹತ್ತಿರಕ್ಕೆ ತಂದಿದೆ. ನಮ್ಮ ಮನಸ್ಸಿನ ಸಂಕೋಚವನ್ನು ದೂರಮಾಡುವ ಕೆಲಸವನ್ನು ಯಾವ ಯಂತ್ರವೂ ಮಾಡಲಾರದು. ಅದು ಮನೆಯ ಹಿರಿಯರ ಹೊಣೆ. ಇಂದೇ ಮಕ್ಕಳ ಮೈಯನ್ನು ಬೆಳಕಿನಲ್ಲಿ ಒಮ್ಮೆ ನೋಡಿರಿ. ಕಲೆ ಕಂಡರೆ ಮುಚ್ಚದೆ ವೈದ್ಯರಿಗೆ ತೋರಿಸಿರಿ.