ವಾಲ್ತೆಲ್ಲಿನ: ಕಲ್ಲಿನ ಮೇಲಣ ದ್ರಾಕ್ಷಿ

ಇಟಲಿ ಎಂದೊಡನೆ ನಮ್ಮಲ್ಲಿ ಓದುಬರಹ ಬಲ್ಲವರ ಕಣ್ಣಮುಂದೆ ರೋಮಿನ ಭಗ್ನ ರಂಗಮಂದಿರ, ಫ್ಲಾರೆನ್ಸಿನ ಶಿಲ್ಪ, ವೆನಿಸ್ಸಿನ ಕಾಲುವೆಗಳು ಬಂದು ನಿಲ್ಲುತ್ತವೆ. ಅಲ್ಲಿಯ ದ್ರಾಕ್ಷಾರಸದ ಮಾತು ಬಂದರೆ, ತಿಳಿದವರು ಕಿಯಾಂತಿಯ ಹೆಸರನ್ನೋ ಬರೋಲೊದ ಹೆಸರನ್ನೋ ಹೇಳಿಯಾರು. ಆಲ್ಪ್ಸ್ ಪರ್ವತಗಳ ಮಡಿಲಿನಲ್ಲಿ, ಸ್ವಿಟ್ಜರ್ಲೆಂಡಿನ ಗಡಿಗೆ ಬೆನ್ನುಕೊಟ್ಟು ಕುಳಿತಿರುವ ವಾಲ್ತೆಲ್ಲಿನ ಎಂಬ ಕಣಿವೆಯ ಹೆಸರು ಆ ದೇಶದ ಹೊರಗೆ ಬಹಳ ಮಂದಿಗೆ ತಿಳಿಯದು. ಆ ಕಣಿವೆಯನ್ನು ನಿಮಗೆ ಪರಿಚಯ ಮಾಡಿಕೊಡುವುದು ಈ ಹೊತ್ತಿನ ನನ್ನ ಉದ್ದೇಶ.

ಮೊದಲಿಗೇ ಒಂದು ಮಾತನ್ನು ಅರಿಕೆ ಮಾಡಿಕೊಳ್ಳಬೇಕು. ನಾನು ಪಾನಪ್ರಿಯನಲ್ಲ, ಮದ್ಯದ ಗುಣಗಾನ ಮಾಡಲು ಹೊರಟವನೂ ಅಲ್ಲ. ಹೆಂಡದ ವಾಸನೆ ಹೊಸ್ತಿಲು ದಾಟದ ಮನೆಯಲ್ಲಿ ಬೆಳೆದವನು. ಆದರೂ ಒಂದು ಬೆಳೆಯ ಹಿಂದೆ ಒಂದು ನೆಲವಿರುತ್ತದೆ, ಒಂದು ಜನವಿರುತ್ತದೆ, ಆ ಜನ ಪಟ್ಟ ಪಾಡು ಇರುತ್ತದೆ. ಕೆಲವು ವರ್ಷಗಳ ಹಿಂದೆ ಮಿಲಾನ್ ನಗರದಲ್ಲಿ ಒಂದೆರಡು ತಿಂಗಳು ಉಳಿಯಬೇಕಾಗಿ ಬಂದಾಗ, ಪರಿಚಿತರೊಬ್ಬರ ಒತ್ತಾಯಕ್ಕೆ ಕಟ್ಟುಬಿದ್ದು ಅಕ್ಟೋಬರಿನ ಒಂದು ಬೆಳಗ್ಗೆ ಅಲ್ಲಿಗೆ ಹೊರಟೆ. ನೋಡಿ ಬರೋಣವೆಂದು ಹೋದವನು ಮೂರು ದಿನ ಅಲ್ಲಿಯೇ ನಿಂತೆ.

ಮಿಲಾನಿನಿಂದ ಉತ್ತರಕ್ಕೆ ಹೊರಟ ರೈಲು ಕೋಮೊ ಸರೋವರದ ಪೂರ್ವದ ದಡವನ್ನು ಹಿಡಿದು ಸಾಗಿ, ಅದರ ತುದಿಯಲ್ಲಿ ಬಲಕ್ಕೆ ತಿರುಗಿ ಆದ್ದಾ ನದಿಯ ಕಣಿವೆಯನ್ನು ಹೊಗುತ್ತದೆ. ಸೊಂದ್ರಿಯೊ ಎಂಬುದು ಈ ಸೀಮೆಯ ಮುಖ್ಯ ಪಟ್ಟಣ. ರೈಲುಹಾದಿಯ ಕೊನೆ ತಿರಾನೊ. ಆಲ್ಪ್ಸಿನ ಬಹುಪಾಲು ಕಣಿವೆಗಳು ಉತ್ತರ ದಕ್ಷಿಣವಾಗಿ ಇಳಿದರೆ, ಇದು ತಿರಾನೊದಿಂದ ಸರೋವರದವರೆಗೆ ಪೂರ್ವ ಪಶ್ಚಿಮವಾಗಿ ಮಲಗಿದೆ. ಈ ಮಲಗಿದ ಬಗೆಯಲ್ಲಿಯೇ ಅದರ ಭಾಗ್ಯವೆಲ್ಲ ಅಡಗಿದೆ ಎನ್ನಬಹುದು. ಉತ್ತರದ ಬದಿಯ ಬೆಟ್ಟದ ಇಳಿಜಾರು ದಕ್ಷಿಣಕ್ಕೆ ಮುಖಮಾಡಿ ದಿನವಿಡೀ ಬಿಸಿಲನ್ನು ಉಣ್ಣುತ್ತದೆ. ಅದರ ಹಿಂದೆ ಬೆರ್ನೀನಾ ಪರ್ವತಸ್ತೋಮ ಗೋಡೆಯಂತೆ ನಿಂತು ಉತ್ತರದ ಕೊರೆವ ಗಾಳಿಯನ್ನು ತಡೆಯುತ್ತದೆ. ಪಶ್ಚಿಮದಿಂದ ಸರೋವರದ ಮೇಲೆ ಹಾದು ಮಧ್ಯಾಹ್ನದಲ್ಲಿ ಬೀಸುವ 'ಬ್ರೇವಾ' ಎಂಬ ಗಾಳಿ ಗೊಂಚಲುಗಳ ತೇವವನ್ನು ಆರಿಸಿ ಬೂಷ್ಟು ಹಿಡಿಯದಂತೆ ಕಾಯುತ್ತದೆ. ಹೀಗೆ ಹಿಮದ ನೆತ್ತಿಯ ಕೆಳಗೇ ದ್ರಾಕ್ಷಿ ಹಣ್ಣಾಗುವಷ್ಟು ಬೆಚ್ಚನೆಯ ಒಂದು ಮಡಿಲು ಸಿದ್ಧವಾಗಿದೆ.

ಬಿಸಿಲಿತ್ತು, ಆದರೆ ಮಣ್ಣಿರಲಿಲ್ಲ. ಬೆಟ್ಟದ ಮೈಯೆಲ್ಲ ಬಂಡೆ. ನಿಂತರೆ ಕಾಲು ಜಾರುವಷ್ಟು ಕಡಿದು. ಇಲ್ಲಿಯ ಜನ ಮಾಡಿದ ಕೆಲಸವನ್ನು ರೈಲಿನ ಕಿಟಕಿಯಿಂದ ಮೊದಲ ಬಾರಿ ಕಂಡಾಗ ನಾನು ಅದನ್ನು ಯಾವುದೋ ಹಳೆಯ ಕೋಟೆಯೆಂದೇ ಬಗೆದೆ. ಬುಡದಿಂದ ಏಳುನೂರು ಮೀಟರುಗಳ ಎತ್ತರದವರೆಗೆ ಗೋಡೆಯ ಮೇಲೆ ಗೋಡೆ, ಗೋಡೆಯ ಮೇಲೆ ಗೋಡೆ. ಒಂದೊಂದು ಗೋಡೆಯ ಹಿಂದೆ ಒಂದೊಂದು ಕಿರಿದಾದ ಮೆಟ್ಟಿಲುಗದ್ದೆ. ಕೆಲವದರಲ್ಲಿ ಎರಡು ಮೂರು ಸಾಲು ಬಳ್ಳಿಗೆ ಮಾತ್ರ ಎಡೆ. ಒಡೆದ ಬಂಡೆಯ ಕಲ್ಲುಗಳಿಂದಲೇ ಗೋಡೆ ಕಟ್ಟಿದರು. ಸಾಲದ ಮಣ್ಣನ್ನು ಕಣಿವೆಯ ತಳದಿಂದ ಬೆನ್ನಿನ ಬುಟ್ಟಿಗಳಲ್ಲಿ ಹೊತ್ತು ತಂದು ಸುರಿದರು. ಈ ಗೋಡೆಗಳನ್ನೆಲ್ಲ ಒಂದರ ಮುಂದೊಂದು ಜೋಡಿಸಿದರೆ ಸುಮಾರು 2500 ಕಿಲೋಮೀಟರು ಆಗುತ್ತದೆ ಎಂದು ಲೆಕ್ಕ ಹಾಕಿದ್ದಾರೆ. ಬೆಂಗಳೂರಿನಿಂದ ರೈಲಿನಲ್ಲಿ ದೆಹಲಿಗೆ ಹೋಗುವ ದೂರಕ್ಕಿಂತ ಅದು ಒಂದಿಷ್ಟು ಹೆಚ್ಚೇ. ಯಾವ ಅರಸನೂ ಇದನ್ನು ಕಟ್ಟಿಸಲಿಲ್ಲ. ಯಾವ ಶಾಸನದಲ್ಲಿಯೂ ಕಟ್ಟಿದವರ ಹೆಸರಿಲ್ಲ.

ಈ ಗೋಡೆಗಳಿಗೆ ಗಾರೆಯಿಲ್ಲ. ಗಾರೆ ಹಾಕಿದರೆ ಇನ್ನೂ ಭದ್ರವಾಗುತ್ತಿರಲಿಲ್ಲವೇ ಎಂದು ನಮಗೆ ತೋರುವುದು ಸಹಜ. ವಾಸ್ತವವಾಗಿ ಗೋಡೆಯನ್ನು ಕಾಪಾಡುವುದು ಅದರ ಸಂದುಗಳೇ. ಮಳೆ ಬಂದಾಗ ಮೇಲಿನ ಮಣ್ಣು ನೀರು ಕುಡಿದು ಭಾರವಾಗುತ್ತದೆ. ಆ ನೀರಿಗೆ ಹೊರದಾರಿಯಿಲ್ಲದಿದ್ದರೆ ಅದು ಗೋಡೆಯನ್ನೇ ತಳ್ಳಿಕೊಂಡು ಹೋಗುತ್ತದೆ. ಒಣಗಲ್ಲಿನ ಗೋಡೆಯಾದರೆ ಸಂದುಸಂದಿನಿಂದ ನೀರನ್ನು ಮೆಲ್ಲನೆ ಜಿನುಗಿಸಿ ಬಿಡುತ್ತದೆ. ಆದುದರಿಂದ ಕಟ್ಟುವವರು ದೊಡ್ಡ ಕಲ್ಲುಗಳನ್ನು ಬುಡಕ್ಕಿಟ್ಟು, ಗೋಡೆಯನ್ನು ಬೆಟ್ಟದ ಕಡೆಗೆ ತುಸು ಒರಗಿಸಿ, ಅದರ ಬೆನ್ನಿಗೆ ಸಣ್ಣ ಕಲ್ಲುಗಳನ್ನು ತುಂಬಿ, ಆಮೇಲೆ ಮಣ್ಣು ಹಾಕುತ್ತಾರೆ. ಈ ಕಲ್ಲುಗಳಿಂದ ಇನ್ನೊಂದು ಉಪಕಾರವೂ ಇದೆ: ಹಗಲಿನ ಬಿಸಿಲನ್ನು ಒಡಲಲ್ಲಿ ಇಟ್ಟುಕೊಂಡು ರಾತ್ರಿಯ ಚಳಿಯಲ್ಲಿ ಬಳ್ಳಿಗೆ ಕೊಡುತ್ತವೆ. ಇಂತಹ ಒಣಗಲ್ಲಿನ ಗೋಡೆ ಕಟ್ಟುವ ವಿದ್ಯೆಯನ್ನು 2018ರಲ್ಲಿ ಯುನೆಸ್ಕೊ ಸಂಸ್ಥೆ ಇಟಲಿಯೂ ಸೇರಿದಂತೆ ಎಂಟು ದೇಶಗಳ ಪರವಾಗಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಲ್ಲಿ ಬೆಳೆಯುವ ಮುಖ್ಯ ದ್ರಾಕ್ಷಿ ನೆಬ್ಬಿಯೋಲೊ. ಬರೋಲೊ ಮದ್ಯಕ್ಕೆ ಕೀರ್ತಿ ತಂದ ತಳಿಯೇ ಇದು. ಈ ಕಣಿವೆಯವರು ಮಾತ್ರ ಅದನ್ನು ಕಿಯಾವೆನ್ನಾಸ್ಕ ಎಂಬ ತಮ್ಮದೇ ಹೆಸರಿನಿಂದ ಕರೆಯುತ್ತಾರೆ. ತಡವಾಗಿ ಮಾಗುವ, ಹಟಮಾರಿ ಸ್ವಭಾವದ ಹಣ್ಣು. ಅದರ ರಸದ ಬಣ್ಣ ತಿಳಿಗೆಂಪು. ಗಾಜಿನ ಲೋಟದ ಹಿಂದೆ ಬೆರಳಿಟ್ಟರೆ ಕಾಣುವಷ್ಟು ತೆಳು. ನೋಡಿದವರು ಇದೇನು ಸಪ್ಪೆ ಎಂದುಕೊಳ್ಳುತ್ತಾರೆ. ಬಾಯಿಗಿಟ್ಟಾಗ ಮಾತ್ರ ಒಗರು ನಾಲಗೆಯನ್ನು ಹಿಡಿದುಬಿಡುತ್ತದೆ, ಹುಳಿಯೂ ಚುರುಕು. ಆ ಒಗರು ಇಳಿದು ಹದವಾಗಲು ವರ್ಷಗಳು ಬೇಕು. 'ವಾಲ್ತೆಲ್ಲಿನ ಸುಪೆರಿಯೊರೆ' ಎಂಬ ಮೇಲ್ತರದ ಮದ್ಯಕ್ಕೆ 1998ರಲ್ಲಿ ಇಟಲಿ ಸರ್ಕಾರದ ಅತ್ಯುನ್ನತ ಮಾನ್ಯತೆ ದೊರಕಿತು. ಅದರ ನಿಯಮದಂತೆ ಎರಡು ವರ್ಷ ಕಾಯಿಸದೆ, ಅದರಲ್ಲಿ ಒಂದು ವರ್ಷ ಮರದ ಪೀಪಾಯಿಗಳಲ್ಲಿ ಇರಿಸದೆ ಅದನ್ನು ಮಾರುವಂತಿಲ್ಲ.

ನಮ್ಮ ಅಲಂಕಾರಿಕರು ಕಾವ್ಯದಲ್ಲಿ ಮೂರು ಪಾಕಗಳನ್ನು ಹೇಳುತ್ತಾರೆ. ಬಾಯಿಗಿಟ್ಟೊಡನೆ ರಸವೂರುವುದು ದ್ರಾಕ್ಷಾಪಾಕ. ಸಿಪ್ಪೆ ಸುಲಿಯುವಷ್ಟು ಶ್ರಮ ಬೇಡುವುದು ಕದಳೀಪಾಕ. ನಾರು ಬಿಡಿಸಿ ಕರಟ ಒಡೆದ ಮೇಲಷ್ಟೇ ಸಿಗುವುದು ನಾರಿಕೇಳಪಾಕ. ಆ ಮಾತನ್ನು ಆಡಿದವರು ವಾಲ್ತೆಲ್ಲಿನಕ್ಕೆ ಬಂದಿದ್ದರೆ ಒಂದು ಗಳಿಗೆ ತಬ್ಬಿಬ್ಬಾಗುತ್ತಿದ್ದರೋ ಏನೋ. ಇಲ್ಲಿ ದ್ರಾಕ್ಷಿಯೇ ನಾರಿಕೇಳಪಾಕ.

ಸುಪೆರಿಯೊರೆಯ ಸೀಮೆಯೊಳಗೆ ಐದು ಉಪಪ್ರಾಂತಗಳಿವೆ. ಮರೋಜ್ಜಾ ಎಲ್ಲಕ್ಕಿಂತ ಚಿಕ್ಕದು. ಸಾಸೆಲ್ಲಾ ಎಂಬ ಹೆಸರಿನಲ್ಲಿ ಕಲ್ಲು ಎಂಬ ಅರ್ಥವಿದೆ. ಅಲ್ಲಿಯ ಬಂಡೆಯ ಮೇಲೆ ಕನ್ಯಾಮೇರಿಯ ಹಳೆಯ ಗುಡಿಯೊಂದಿದೆ. ಗ್ರುಮೆಲ್ಲೊ ಎಂಬುದು ಗುಡ್ಡದ ನೆತ್ತಿಯ ಪಾಳುಕೋಟೆಯ ಹೆಸರು. ವಾಲ್ಜೆಲ್ಲಾ ಎಂಬುದು ಬೆಟ್ಟದಿಂದಿಳಿವ ಸಣ್ಣ ತೊರೆಗಳಿಂದ ಬಂದ ಹೆಸರೆಂದು ಹೇಳುತ್ತಾರೆ. ಐದನೆಯದರ ಹೆಸರು ಇನ್‌ಫೆರ್ನೊ, ಎಂದರೆ ನರಕ. ಬೇಸಗೆಯ ಮಧ್ಯಾಹ್ನ ಆ ಗೋಡೆಗಳ ನಡುವೆ ನಿಂತು ಬಳ್ಳಿ ಕಟ್ಟಿದವರು ಆ ಹೆಸರಿಟ್ಟಿರಬೇಕು. ದಾಂತೆಯ ದೇಶದಲ್ಲಿ ಆ ಪದವನ್ನು ಯಾರೂ ಸುಮ್ಮಸುಮ್ಮನೆ ಬಳಸಲಾರರು.

ಇನ್ನು ಈ ಕಣಿವೆಯ ವಿಶೇಷವಾದ 'ಸ್ಫೋರ್ತ್ಸಾತೊ'. ಆರಿಸಿದ ಗೊಂಚಲುಗಳನ್ನು ಗಾಳಿಯಾಡುವ ಅಟ್ಟಗಳಲ್ಲಿ ಚಾಪೆ ಹಲಗೆಗಳ ಮೇಲೆ ಹರಡಿ, ಡಿಸೆಂಬರ್ ತಿಂಗಳು ಬರುವವರೆಗೆ ಹಾಗೆಯೇ ಬಾಡಲು ಬಿಡುತ್ತಾರೆ. ಹಣ್ಣು ಸುಕ್ಕುಗಟ್ಟಿ, ನೀರು ಆರಿ, ಸಾರ ಮಾತ್ರ ಉಳಿಯುತ್ತದೆ. ಆಮೇಲೆ ಅದನ್ನು ಹಿಂಡಿ ಹುದುಗಿಸುತ್ತಾರೆ. ಹೆಚ್ಚು ಹಣ್ಣಿಗೆ ಕಡಿಮೆ ರಸ. ಆ ಕಡಿಮೆ ರಸಕ್ಕೆ ಹೆಚ್ಚಿನ ಬಲ. 2003ರಲ್ಲಿ ಇದಕ್ಕೂ ಮೇಲಿನ ಮಾನ್ಯತೆಯೇ ದೊರಕಿತು. ನಾನು ಹೋದಾಗ ಒಂದು ಮನೆಯ ಅಟ್ಟವನ್ನು ಹತ್ತಿ ನೋಡಿದೆ. ಹಾಸಿದ ಹಣ್ಣಿನ ಪರಿಮಳ, ಅರೆಗತ್ತಲೆ, ಮಾಡಿನ ಸಂದಿನಿಂದ ಬೀಸುವ ತಣ್ಣನೆಯ ಗಾಳಿ. ಬಾಣಂತಿಯ ಕೋಣೆಗೆ ಕಾಲಿಟ್ಟಂತೆ ನಾವೆಲ್ಲ ತಾವಾಗಿಯೇ ದನಿ ತಗ್ಗಿಸಿ ಮಾತಾಡಿದೆವು.

ಇಷ್ಟು ಗುಣವಿದ್ದೂ ಈ ಕಣಿವೆ ಏಕೆ ಅಪ್ರಸಿದ್ಧವಾಗಿ ಉಳಿಯಿತು? ಅದರ ಉತ್ತರ ಚರಿತ್ರೆಯಲ್ಲಿದೆ. 1512ರಿಂದ 1797ರವರೆಗೆ ಇದು ಇಟಲಿಯ ಯಾವ ಸಂಸ್ಥಾನಕ್ಕೂ ಸೇರಿರಲಿಲ್ಲ. ಬೆಟ್ಟದಾಚೆಯ, ಈಗ ಸ್ವಿಟ್ಜರ್ಲೆಂಡಿನಲ್ಲಿರುವ, ಗ್ರಿಸನ್ ಜನರ ಒಕ್ಕೂಟಗಳ ಅಧೀನದಲ್ಲಿತ್ತು. ನಡುವೆ 1620ರಲ್ಲಿ ಇಲ್ಲಿಯ ಕ್ಯಾಥೊಲಿಕರು ನೂರಾರು ಪ್ರಾಟೆಸ್ಟೆಂಟರನ್ನು ಕೊಂದ ಘೋರವೂ ನಡೆಯಿತು. ಆಮೇಲೆ ಹಲವು ವರ್ಷ ಈ ಕಣಿವೆ ಯೂರೋಪಿನ ದೊಡ್ಡ ಸೈನ್ಯಗಳ ಹಾದಿಯಾಯಿತು. ಆದರೂ ವ್ಯಾಪಾರ ಹಳೆಯ ದಾರಿಯನ್ನೇ ಹಿಡಿದಿತ್ತು. ಹೇಸರಗತ್ತೆಗಳ ಬೆನ್ನೇರಿ ಮದ್ಯ ಕಣಿವೆಮಾರ್ಗಗಳನ್ನು ದಾಟಿ ಉತ್ತರಕ್ಕೆ ಹೋಗುತ್ತಿತ್ತು. 1910ರಲ್ಲಿ ಪೂರ್ಣಗೊಂಡ ಬೆರ್ನೀನಾ ರೈಲುಹಾದಿ, 2253 ಮೀಟರು ಎತ್ತರದ ಕಣಿವೆಮಾರ್ಗವನ್ನು ದಾಟಿ, ತಿರಾನೊವನ್ನು ಸ್ವಿಟ್ಜರ್ಲೆಂಡಿನೊಡನೆ ಕೂಡಿಸಿತು. ಬಾಗಿಲಲ್ಲೇ ಗಿರಾಕಿಯಿದ್ದ ಮೇಲೆ ದೂರದ ಪೇಟೆಯಲ್ಲಿ ಡಂಗುರ ಸಾರುವ ಅಗತ್ಯವೇನು? ಸ್ವಿಸ್ ಜನಕ್ಕೆ ಚಿರಪರಿಚಿತವಾದ ಈ ಮದ್ಯ ಲೋಕಕ್ಕೆ ಅಪರಿಚಿತವಾಗಿಯೇ ಉಳಿಯಿತು.

ಎರಡನೆಯ ದಿನ ನನ್ನನ್ನು ಒಬ್ಬ ವೃದ್ಧ ರೈತರ ತೋಟಕ್ಕೆ ಕರೆದುಕೊಂಡು ಹೋದರು. ಎಪ್ಪತ್ತು ದಾಟಿದವರು. ಕೊಯ್ಲು ಅರ್ಧ ಮುಗಿದಿತ್ತು. ಆದರೆ ಅವರು ಕೊಯ್ಲು ಬಿಟ್ಟು ಗೋಡೆಯೊಂದರ ಮುಂದೆ ಕುಳಿತಿದ್ದರು. ಹಿಂದಿನ ವಾರದ ಮಳೆಗೆ ಎರಡು ಮಾರಿನಷ್ಟು ಗೋಡೆ ಕುಸಿದಿತ್ತು. ತಪ್ಪು ಅವರ ಗೋಡೆಯದಲ್ಲ. ಅದರ ಮೇಲಿನ ತುಂಡು ನೆಲ ಬೇರೊಬ್ಬರದು. ಆ ಮನೆಯವರು ಊರು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಅಲ್ಲಿ ಬಳ್ಳಿ ಸತ್ತು ಮುಳ್ಳುಪೊದೆ ಬೆಳೆದು, ಬೇರುಗಳು ಕಲ್ಲನ್ನು ಸಡಿಲಿಸಿ, ಕಟ್ಟಿಕೊಂಡ ಕಾಲುವೆಯ ನೀರೆಲ್ಲ ಇವರ ತೋಟಕ್ಕೆ ನುಗ್ಗಿತ್ತು. ಬೆಟ್ಟದ ಮೇಲೆ ಯಾರ ಗೋಡೆಯೂ ಅವರೊಬ್ಬರದೇ ಅಲ್ಲ ಎಂದರು ಅವರು. ಮೇಲಿನವನು ಮಲಗಿದರೆ ಕೆಳಗಿನವನಿಗೆ ನಿದ್ರೆಯಿಲ್ಲ.

ಇದು ಅಲಂಕಾರದ ಮಾತಾಗಿರಲಿಲ್ಲ. 1983ರ ಮೇ ತಿಂಗಳಲ್ಲಿ, ಎಡೆಬಿಡದೆ ಸುರಿದ ಮಳೆಗೆ, ತೇಲ್ಯೊ ಊರಿನ ಕೆಳಗಿರುವ ತ್ರೆಸೆಂದಾ ಎಂಬಲ್ಲಿ ಇಂತಹುದೇ ದ್ರಾಕ್ಷಿಯ ಮೆಟ್ಟಿಲುಗಳು ಜಾರಿ ಮನೆಗಳ ಮೇಲೆ ಬಿದ್ದು 17 ಮಂದಿ ಸತ್ತರು. ಬೆಟ್ಟವನ್ನು ಒಮ್ಮೆ ಮೆಟ್ಟಿಲಾಗಿ ಕಡಿದ ಮೇಲೆ ಅದನ್ನು ಅದರ ಪಾಡಿಗೆ ಬಿಡುವ ಸ್ವಾತಂತ್ರ್ಯ ಮನುಷ್ಯನಿಗೆ ಉಳಿಯುವುದಿಲ್ಲ. ಗೋಡೆಯನ್ನು ಪ್ರತಿ ವರ್ಷ ನೋಡಬೇಕು, ಕಾಲುವೆಯನ್ನು ಪ್ರತಿ ವರ್ಷ ಬಿಡಿಸಬೇಕು. ನೋಡುವ ಕೈಗಳೋ ಕಡಿಮೆಯಾಗುತ್ತಿವೆ. ಬಯಲಿನ ತೋಟದಲ್ಲಿ ಯಂತ್ರದ ನೆರವಿನಿಂದ ಹೆಕ್ಟೇರಿಗೆ ವರ್ಷಕ್ಕೆ ಕೆಲವು ನೂರು ಗಂಟೆಗಳ ದುಡಿಮೆ ಸಾಕು. ಇಲ್ಲಿ ಸಾವಿರಕ್ಕೂ ಮಿಕ್ಕ ಗಂಟೆಗಳು ಬೇಕು, ಅದೂ ಕೈಯಿಂದ. ಕೆಲವು ಕಡೆ ಒಂಟಿಹಳಿಯ ಸಣ್ಣ ಗಾಡಿಗಳನ್ನು ಹಾಕಿದ್ದಾರೆ. ಅನುಕೂಲವಂತರು ಹಣ್ಣಿನ ಪೆಟ್ಟಿಗೆಗಳನ್ನು ಹೆಲಿಕಾಪ್ಟರಿನಲ್ಲಿ ಇಳಿಸುವುದೂ ಉಂಟು. ಗೋಡೆ ಕಟ್ಟುವ ಯಂತ್ರ ಮಾತ್ರ ಇನ್ನೂ ಬಂದಿಲ್ಲ. ಯುವಕರು ಬೆಳಗಾದರೆ ಗಡಿ ದಾಟಿ ಸ್ವಿಟ್ಜರ್ಲೆಂಡಿನ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿಯ ಸಂಬಳದ ಮುಂದೆ ಈ ಕಲ್ಲು ಎಷ್ಟರದು? ಹಿಂದಿನ ಕಾಲದ ದ್ರಾಕ್ಷಿಯ ಸೀಮೆಯಲ್ಲಿ ಇಂದು ಉಳಿದಿರುವುದು ಒಂದು ಸಣ್ಣ ಪಾಲು. ಎರ್ಮಾನ್ನೊ ಓಲ್ಮಿ ಎಂಬ ಹಿರಿಯ ಚಲನಚಿತ್ರ ನಿರ್ದೇಶಕರು 2009ರಲ್ಲಿ 'ರೂಪಿ ದೆಲ್ ವೀನೊ', ಎಂದರೆ ದ್ರಾಕ್ಷಾರಸದ ಬಂಡೆಗಳು, ಎಂಬ ಸಾಕ್ಷ್ಯಚಿತ್ರವನ್ನು ಈ ಬೆಟ್ಟಗಳನ್ನು ಕುರಿತೇ ತೆಗೆದರು. ರೈತರ ಬಾಳನ್ನು ತೆರೆಯ ಮೇಲೆ ತಂದು 1978ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಪಡೆದವರು ಅವರು.

ಆ ಬೆಳಗ್ಗೆ ನಾನು ಆ ಹಿರಿಯರಿಗೆ ಕಲ್ಲು ಎತ್ತಿಕೊಟ್ಟೆ. ನಾನು ಚೆನ್ನಾಗಿದೆಯೆಂದು ಆರಿಸಿದ ದೊಡ್ಡ ಕಲ್ಲುಗಳನ್ನು ಅವರು ಬದಿಗಿಟ್ಟು, ಮುಷ್ಟಿಗಾತ್ರದ ಚೂರುಗಳನ್ನೇ ಕೇಳಿ ಕೇಳಿ ಪಡೆದು ಗೋಡೆಯ ಹಿಂದೆ ತುಂಬಿದರು. ಕಣ್ಣಿಗೆ ಕಾಣುವ ಕಲ್ಲು ನಿಲ್ಲುವುದು ಕಾಣದ ಕಲ್ಲಿನಿಂದ ಎಂದು ನಕ್ಕರು. ಮಧ್ಯಾಹ್ನ ಅವರ ಮನೆಯಲ್ಲಿ ಹುರುಳಿಯಂತಹ ಕಂದುಬಣ್ಣದ ಹಿಟ್ಟಿನಿಂದ ಮಾಡಿದ 'ಪಿತ್ಸೊಕ್ಕೇರಿ' ಎಂಬ ಪಟ್ಟಿಶ್ಯಾವಿಗೆಯನ್ನು ಬೆಣ್ಣೆ, ಗಿಣ್ಣು, ಕೋಸಿನೊಡನೆ ಬಡಿಸಿದರು. ಅದರ ಜೊತೆಗೆ ಒಂದು ಸಣ್ಣ ಲೋಟದಲ್ಲಿ ತಮ್ಮ ತೋಟದ ರಸ. ನಾನು ನನ್ನ ವ್ರತವನ್ನು ಹೇಳಿಕೊಂಡೆ. ಅವರು ಬಲವಂತ ಮಾಡಲಿಲ್ಲ. ಆದರೆ ಬೆಳಗಿನಿಂದ ಕಲ್ಲು ಹೊತ್ತ ಕೈಗೆ ಆ ಲೋಟವನ್ನು ಹಾಗೆಯೇ ಹಿಂದಕ್ಕೆ ಸರಿಸುವುದು ಸಾಧ್ಯವಾಗಲಿಲ್ಲ. ಒಂದು ಗುಟುಕು ಕುಡಿದೆ. ಎಳೆಯ ಅಡಕೆಯ ಒಗರು. ಬಹಳ ಹೊತ್ತಿನ ಮೇಲೆ, ಎಲ್ಲಿಂದಲೋ, ಒಣಗಿದ ಗುಲಾಬಿಯ ವಾಸನೆ.

ಊಟವಾದ ಮೇಲೆ ಅವರು ಕೇಳಿದರು: "ನಿಮ್ಮ ತಂದೆ ಏನು ಮಾಡುತ್ತಿದ್ದರು?" ರೈತರು, ಇಳಿಜಾರಿನ ನೆಲ, ಕಲ್ಲಿನ ಬದು ಕಟ್ಟಿ ಬೇಸಾಯ ಮಾಡುತ್ತಿದ್ದರು ಎಂದೆ. ಅವರ ಮುಖ ಅರಳಿತು. "ಈಗ ಆ ಬದುಗಳನ್ನು ಯಾರು ನೋಡುತ್ತಾರೆ?" ಎಂದರು. ಬಾಯಲ್ಲಿ ಆ ಒಗರು ಇನ್ನೂ ಇತ್ತು. ನಾವು ಅಣ್ಣತಮ್ಮಂದಿರು ನಾಲ್ವರು ನಾಲ್ಕು ಪಟ್ಟಣಗಳಲ್ಲಿದ್ದೇವೆಂದು ಆ ಮನುಷ್ಯರಿಗೆ ಹೇಳಲು ನನಗೆ ನಾಚಿಕೆಯಾಯಿತು. ಅವರು ಉತ್ತರಕ್ಕಾಗಿ ಕಾಯಲಿಲ್ಲ. ಬೆಳಕು ಇರುವಾಗಲೇ ಇನ್ನೊಂದು ವರಸೆ ಮುಗಿಸಬೇಕೆಂದು ಎದ್ದರು. ನಾನೂ ಎದ್ದೆ.