ರೋಗಿಯ ಮನೆಯ ಮಕ್ಕಳಿಗೆ ಆಸರೆ: ಪ್ರಾಯೋಜಕತ್ವ ಯೋಜನೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯಲ್ಲಿ ಅಡಿಕೆ ಕೊಯ್ಲು ಮುಗಿಯುತ್ತ ಬಂದು, ಕೊಟ್ಟಿಗೆಗೆ ತರಗೆಲೆ ಗುಡಿಸಿ ತರುವ ಕಾಲಕ್ಕೆ ಸರಿಯಾಗಿ ಮಂಗನ ಕಾಯಿಲೆಯ ಭಯವೂ ತಲೆಯೆತ್ತುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಈ ವ್ಯಾಧಿಯು ಉಣುಗಿನ ಕಡಿತದಿಂದ ಬರತಕ್ಕದ್ದು. ಬಹುಮಂದಿ ಗುಣಮುಖರಾಗುವರಾದರೂ, ನೂರಕ್ಕೆ ಮೂರರಿಂದ ಐದು ಮಂದಿ ಅಸುನೀಗುವುದುಂಟು. ಜ್ವರ ಬಿಟ್ಟಿತೆಂದು ಮನೆಯವರು ಸಮಾಧಾನ ಪಡುವಷ್ಟರಲ್ಲಿ ಕೆಲವರಿಗೆ ಮೂರನೆಯ ವಾರದಲ್ಲಿ ಅದು ಮರುಕಳಿಸಿ, ಕೈನಡುಕ, ಮಂಪರುಗಳನ್ನು ತರುತ್ತದೆ. ರೋಗಿಯನ್ನು ಮಣಿಪಾಲಕ್ಕೋ ಶಿವಮೊಗ್ಗಕ್ಕೋ ಸಾಗಿಸುವ ಧಾವಂತದಲ್ಲಿ, ಪರೀಕ್ಷೆಯ ಪುಸ್ತಕ ಹಿಡಿದು ಜಗಲಿಯಲ್ಲಿ ಕುಳಿತ ಮಗುವಿಗೆ ವಿಷಯವನ್ನು ತಿಳಿಸಿ ಹೇಳುವವರು ವಿರಳ.

ಹೇಳದೆಹೋದಲ್ಲಿ ಮಗು ಕಾರಣವನ್ನು ತಾನೇ ಕಲ್ಪಿಸಿಕೊಳ್ಳುತ್ತದೆ. ತಾನು ಮೇಯಿಸಿ ತಂದ ದನದ ಮೈಯಿಂದಲೇ ಉಣುಗು ಮನೆ ಹೊಕ್ಕಿತೆಂದು ಕೊರಗಬಹುದು. ಮುಟ್ಟಿದರೆ ತನಗೂ ಅಂಟೀತೆಂದು ತಂದೆಯ ಹಾಸಿಗೆಯಿಂದ ದೂರ ಸರಿಯಬಹುದು. ಆದಕಾರಣ, “ಅಪ್ಪಯ್ಯನಿಗೆ ಮಂಗನ ಕಾಯಿಲೆ ಬಂದಿದೆ ಪುಟ್ಟ. ಅದು ನಿನ್ನಿಂದ ಬಂದದ್ದಲ್ಲ, ಮುಟ್ಟಿದರೆ ಅಂಟುವುದೂ ಇಲ್ಲ. ಡಾಕ್ಟರು ನೋಡ್ತಾ ಇದ್ದಾರೆ, ಸಂಜೆ ಫೋನು ಮಾಡಿ ಮಾತಾಡೋಣ” ಎಂಬಷ್ಟನ್ನು ಅಜ್ಜಿಯಾಗಲಿ ಚಿಕ್ಕಪ್ಪನಾಗಲಿ ಹೇಳುವುದು ಯುಕ್ತ. ಗುಣವಾಗಿಯೇ ತೀರುತ್ತದೆಂದು ಆಣೆಯಿಡುವುದು ಬೇಡ. ಆ ಮಾತು ಸುಳ್ಳಾದ ದಿನ ಮಗು ಹಿರಿಯರ ಬೇರೆ ಮಾತುಗಳನ್ನೂ ನಂಬಲಾರದು. ಊಟ, ನಿದ್ರೆ, ಶಾಲೆಗಳ ಕ್ರಮ ಆದಷ್ಟು ಮೊದಲಿನಂತೆಯೇ ನಡೆಯಲಿ. ಶಾಲೆಯ ಮೇಷ್ಟರಿಗೂ ಸಂಗತಿ ತಿಳಿದಿರಲಿ. ಇಷ್ಟಾಗಿಯೂ ಮಗು ಮಾತು ಬಿಟ್ಟು ಮಂಕಾದರೆ, 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.

ಆದರೆ ಕ್ಯಾನ್ಸರು, ಮೂತ್ರಪಿಂಡ ವೈಫಲ್ಯಗಳಂತಹ ದೀರ್ಘವ್ಯಾಧಿಯಿಂದ ದುಡಿಯುವ ಕೈಯೇ ಕುಸಿದಾಗ ಸಾಂತ್ವನದ ಮಾತೊಂದೇ ಸಾಲದು. ಮಕ್ಕಳು ಶಾಲೆ ಬಿಟ್ಟು ತೋಟದ ಕೂಲಿಗೆ ಇಳಿಯುವ ಅಪಾಯವುಂಟು. ಇಂತಹ ಕುಟುಂಬಗಳಿಗಾಗಿಯೇ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವವೆಂಬ ಏರ್ಪಾಡಿದೆ. ತಂದೆ ಅಥವಾ ತಾಯಿ ಮಾರಣಾಂತಿಕ ರೋಗಕ್ಕೆ ತುತ್ತಾಗಿರುವ ಮನೆಯ, ಹದಿನೆಂಟು ತುಂಬದ ಮಗುವಿಗೆ ತಿಂಗಳಿಗೆ 4,000 ರೂಪಾಯಿ ದೊರೆಯಲು ಇದರಲ್ಲಿ ಅವಕಾಶವಿದೆ. ಕುಟುಂಬದ ವಾರ್ಷಿಕ ವರಮಾನ ಗ್ರಾಮಾಂತರದಲ್ಲಿ 72,000, ಇತರೆಡೆ 96,000 ರೂಪಾಯಿಗಳನ್ನು ಮೀರಿರಬಾರದು. ಮಗುವನ್ನು ಹಾಸ್ಟೆಲಿಗೋ ಅನಾಥಾಲಯಕ್ಕೋ ಕಳುಹಿಸದೆ, ಸ್ವಂತ ಮನೆಯಲ್ಲಿಯೇ ಉಳಿಸಿಕೊಂಡು ಓದಿಸುವುದು ಈ ಯೋಜನೆಯ ಉದ್ದೇಶ. ಅರ್ಜಿಯನ್ನು ಚಿಕ್ಕಮಗಳೂರಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಸಲ್ಲಿಸತಕ್ಕದ್ದು. ದಾರಿ ತಿಳಿಯದವರು ಮಕ್ಕಳ ಸಹಾಯವಾಣಿಯಾದ 1098ಕ್ಕೆ ಕರೆ ಮಾಡಬಹುದು.

ರೋಗಿ ಮಲಗಿರುವ ಮನೆಯವರಿಗೆ ಕಚೇರಿ ಅಲೆಯಲು ಪುರುಸೊತ್ತಾಗಲಿ ಚೈತನ್ಯವಾಗಲಿ ಇರುವುದಿಲ್ಲ. ಯೋಗಕ್ಷೇಮ ವಿಚಾರಿಸಲು ಹೋಗುವ ನೆಂಟರೂ ನೆರೆಯವರೂ ಆ ಅರ್ಜಿಯೊಂದನ್ನು ತುಂಬಿಸಿ ತಲುಪಿಸಿದರೆ, ಅದು ಹಣ್ಣುಹಂಪಲು ಕೊಟ್ಟು ಬರುವುದಕ್ಕಿಂತ ಹೆಚ್ಚಿನ ಉಪಕಾರ.