ದೋಣಿ ಸೋರಿದರೆ ಬೆಂಕಿಯೋ, ಅಂಟೋ?

ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ವಿಮಾನಗಳು ಇಳಿಯುತ್ತಿದ್ದವು. ಕ್ಯಾಟಲಿನಾ ಎಂಬ ಹಾರುದೋಣಿಗಳು ನೀರಿನ ಮೇಲಿಳಿದು, ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ರಿಪೇರಿ ಮಾಡಿಸಿಕೊಂಡು ಹೋಗುತ್ತಿದ್ದವು. ನೊರೆಗೂ ಬೆಂಕಿಗೂ ಹೆಸರಾದ ಈಗಿನ ಬೆಳ್ಳಂದೂರನ್ನು ಕಂಡವರಿಗೆ ನಂಬುವುದು ಕಷ್ಟ. ಆ ವಿಮಾನದ ಹೊಟ್ಟೆಯೇ ಒಂದು ದೋಣಿ. ತೆಳುವಾದ ಅಲ್ಯೂಮಿನಿಯಂ ತಗಡುಗಳನ್ನು ಸಾಲುಸಾಲಾಗಿ ರಿವೆಟ್ ಹೊಡೆದು ಕೂಡಿಸಿದ್ದು. ಅಲೆ ಜೋರಾಗಿದ್ದಾಗ ಇಳಿದರೆ ರಿವೆಟ್‌ಗಳು ಕಿತ್ತು ಬರುತ್ತಿದ್ದವು. ಆ ತೂತುಗಳಿಗೆ ಪೆನ್ಸಿಲ್ ತುರುಕಿ ಮತ್ತೆ ಹಾರಿಹೋದ ಸಿಬ್ಬಂದಿಯ ಕಥೆಗಳು ಯುದ್ಧದ ನೆನಪುಗಳಲ್ಲಿ ಬೇಕಾದಷ್ಟಿವೆ.

ಪೆನ್ಸಿಲ್‌ನ ಕಾಲ ಹೋಯಿತು, ಸೋರಿಕೆ ಮಾತ್ರ ಉಳಿಯಿತು. ಅಮೆರಿಕ, ಕೆನಡಾಗಳ ಸರೋವರಗಳಲ್ಲಿ ಮೀನು ಹಿಡಿಯಲು ಹೋಗುವವರ ಅಚ್ಚುಮೆಚ್ಚಿನ ದೋಣಿ ಅಲ್ಯೂಮಿನಿಯಂನದು. ಅದರ ತಳದಲ್ಲಿ ನೀರು ಜಿನುಗತೊಡಗಿದರೆ ಜಗಳ ಶುರು: ಎಪಾಕ್ಸಿ ಅಂಟು ಹಚ್ಚುವುದೋ, ವೆಲ್ಡಿಂಗ್ ಮಾಡಿಸುವುದೋ? ಎರಡು ಪಕ್ಷದವರೂ ಯಾವುದು ಹೆಚ್ಚು ಗಟ್ಟಿ ಎಂದು ವಾದಿಸುತ್ತಾರೆ. ನನ್ನ ಮಟ್ಟಿಗೆ, ಆ ದೋಣಿಯನ್ನು ಮೊದಲು ಕಟ್ಟಿದ್ದು ಹೇಗೆ ಎಂದು ಕೇಳಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

1944ರಲ್ಲಿ ಗ್ರಮ್ಮನ್ ವಿಮಾನ ಕಂಪನಿಯ ಉಪಾಧ್ಯಕ್ಷ ವಿಲಿಯಂ ಹಾಫ್‌ಮನ್ ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಬೆಟ್ಟಸೀಮೆಗೆ ರಜೆಗೆಂದು ಹೋಗಿದ್ದರು. ಒಂದು ಸರೋವರದಿಂದ ಇನ್ನೊಂದಕ್ಕೆ ಕ್ಯಾನ್ವಾಸ್ ಹೊದಿಸಿದ ಮರದ ದೋಣಿಯನ್ನು ಹೊತ್ತು ಹೊತ್ತು ಹೆಗಲು ಸೋತಾಗ, ವಿಮಾನದ ತಗಡಿನಲ್ಲೇ ಇದನ್ನು ಮಾಡಿದರೆ ಹೇಗೆ ಎಂಬ ಯೋಚನೆ ಬಂತು. ಯುದ್ಧ ಮುಗಿಯುತ್ತಾ ಬಂದಿತ್ತು, ಯುದ್ಧವಿಮಾನದ ಕಾರ್ಖಾನೆಗಳಿಗೂ ಹೊಸ ಕೆಲಸ ಬೇಕಿತ್ತು. 1945ರಲ್ಲಿ ಗ್ರಮ್ಮನ್ ದೋಣಿ ಹೊರಬಂತು. ತಗಡನ್ನು ಅಚ್ಚಿನ ಮೇಲೆ ಎಳೆದು ದೋಣಿಯ ಎರಡು ಅರ್ಧಗಳನ್ನು ಮಾಡಿ, ನಡುವಿನ ಉದ್ದಕ್ಕೂ ರಿವೆಟ್ ಹೊಡೆದು ಸೇರಿಸುತ್ತಿದ್ದರು. ತಗಡಿನ ದಪ್ಪ ಸುಮಾರು ಒಂದೂಕಾಲು ಮಿಲಿಮೀಟರ್. ಬೇರೆ ಕಂಪನಿಗಳೂ ಇದೇ ದಾರಿ ಹಿಡಿದವು.

ಇಂಥ ದೋಣಿ ಸೋರಲು ಬಂಡೆಗೆ ಬಡಿಯಲೇಬೇಕೆಂದಿಲ್ಲ. ಎಂಜಿನ್ನಿನ ನಡುಕಕ್ಕೆ, ಅಲೆಯ ಹೊಡೆತಕ್ಕೆ ತಗಡು ಕೂದಲೆಳೆಯಷ್ಟು ಅಲುಗಾಡುತ್ತಲೇ ಇರುತ್ತದೆ. ವರ್ಷಗಟ್ಟಲೆ ಹೀಗೆ ನಡೆದಾಗ ರಿವೆಟ್ ಸಡಿಲಾಗುತ್ತದೆ. ಆಗ ಮೊದಲ ಮದ್ದು ಅಂಟೂ ಅಲ್ಲ, ಬೆಂಕಿಯೂ ಅಲ್ಲ. ಒಬ್ಬ ಹೊರಗಿನಿಂದ ಭಾರವಾದ ಕಬ್ಬಿಣದ ತುಂಡನ್ನು ರಿವೆಟ್‌ನ ತಲೆಗೆ ಒತ್ತಿ ಹಿಡಿಯಬೇಕು, ಇನ್ನೊಬ್ಬ ಒಳಗಿನಿಂದ ಸುತ್ತಿಗೆಯಲ್ಲಿ ಬಡಿದು ಬಿಗಿಮಾಡಬೇಕು. ಅದಕ್ಕೂ ಬಗ್ಗದಿದ್ದರೆ ಮಾತ್ರ ಮುಂದಿನ ಮಾತು.

ಇನ್ನು ಬೆಂಕಿ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಆದರೆ ಗಾಳಿ ತಗುಲಿದೊಡನೆ ಅದರ ಮೈಮೇಲೆ ಕಟ್ಟುವ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿ ದಾಟಬೇಕು. ಹಾಲಿನ ಕೆನೆಯ ಹಾಗೆ ಮೇಲೆ ಪೊರೆ, ಒಳಗೆ ಕುದಿ. ಇದಕ್ಕೆ ದಾರಿ ಹೊಳೆದದ್ದೂ ವಿಮಾನದ ಕಾರ್ಖಾನೆಯಲ್ಲೇ. ನಾರ್ತ್ರಾಪ್ ಕಂಪನಿಯ ರಸಲ್ ಮೆರೆಡಿತ್ ಹೀಲಿಯಂ ಅನಿಲದ ಮರೆಯಲ್ಲಿ, ಟಂಗ್‌ಸ್ಟನ್ ಕಡ್ಡಿಯ ಕಿಡಿಯಿಂದ ಬೆಸೆಯುವ ವಿಧಾನಕ್ಕೆ 1942ರಲ್ಲಿ ಪೇಟೆಂಟ್ ಪಡೆದರು. ಅವರ ಗುರಿ ಮೆಗ್ನೀಸಿಯಂ ವಿಮಾನ ಕಟ್ಟುವುದಾಗಿತ್ತು. ಇಂದಿನ ಟಿಗ್ ವೆಲ್ಡಿಂಗ್‌ನ ಮೂಲ ಅದೇ. 1948ರಲ್ಲಿ ಬ್ಯಾಟೆಲ್ ಸಂಶೋಧನಾಲಯದಲ್ಲಿ ತಂತಿಯನ್ನು ತಾನೇ ಉಣಿಸುತ್ತಾ ಹೋಗುವ ಮಿಗ್ ವಿಧಾನವೂ ರೂಪುಗೊಂಡಿತು. ಮೆಗ್ನೀಸಿಯಂ ಬೆರೆಸಿದ ದಪ್ಪ ಅಲ್ಯೂಮಿನಿಯಂ ಹಾಳೆಗಳಿಂದ ರಿವೆಟ್ಟಿಲ್ಲದ ದೋಣಿಗಳನ್ನು ಕಟ್ಟಲು ಆಗ ದಾರಿಯಾಯಿತು. ಬೆಸೆದು ಕಟ್ಟಿದ ಆ ದೋಣಿ ಸೀಳಿದರೆ ಬೆಸೆಯುವುದೇ ಸರಿ, ಅದರಲ್ಲಿ ಚರ್ಚೆಯಿಲ್ಲ.

ತೊಡಕಿರುವುದು ಹಳೆಯ ರಿವೆಟ್ ದೋಣಿಯನ್ನು ವೆಲ್ಡರ್ ಮುಂದೆ ಒಯ್ದಾಗ. ಅನುಭವಸ್ಥನಾದರೆ ಮುಖ ಸಿಂಡರಿಸುತ್ತಾನೆ. ಅಲ್ಯೂಮಿನಿಯಂ ಶಾಖವನ್ನು ಬೇಗ ಹರಡುವ ಲೋಹ. ಒಂದು ರಿವೆಟ್ ಸುತ್ತ ಕಾಯಿಸಿದರೆ ತಗಡು ಹಿಗ್ಗಿ ಸೊಟ್ಟಗಾಗಿ ಅಕ್ಕಪಕ್ಕದವೂ ಸಡಿಲಾಗುತ್ತವೆ. ಎರಡು ತಗಡುಗಳ ನಡುವೆ ಕಾರ್ಖಾನೆಯಲ್ಲೇ ತುಂಬಿದ ಸೀಲಂಟ್, ಮೇಲೆ ವರ್ಷಾನುಗಟ್ಟಲೆಯ ನೀರು, ಎಣ್ಣೆ, ಕೊಳೆ ಎಲ್ಲ ಕುದಿದು ಬೆಸುಗೆಯಲ್ಲಿ ಸಣ್ಣಸಣ್ಣ ಗುಳ್ಳೆಗಳಾಗುತ್ತವೆ. ಉರುಳೆಗಳಲ್ಲಿ ಒತ್ತಿ ಗಟ್ಟಿಮಾಡಿದ ತಗಡು ಬೆಸುಗೆಯ ಪಕ್ಕದಲ್ಲಿ ಮೆತ್ತಗಾಗುತ್ತದೆ, ಮುಂದೆ ಬಿರುಕು ಬಿಡುವುದು ಅಲ್ಲೇ.

ಅಂಟಿನ ಕಥೆಯೂ ವಿಮಾನದ ಪಕ್ಕದಲ್ಲೇ ಸಾಗುತ್ತದೆ. ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ಟನ್, ಅಮೆರಿಕದ ಸಿಲ್ವನ್ ಗ್ರೀನ್‌ಲೀ ಬೇರೆಬೇರೆಯಾಗಿ ಎಪಾಕ್ಸಿ ರಾಳದ ಜಾಡು ಹಿಡಿದಿದ್ದರು. ಕೇಂಬ್ರಿಜ್ ಬಳಿಯ ಡಕ್ಸ್‌ಫರ್ಡ್‌ನಲ್ಲಿ ನಾರ್ಮನ್ ಡಿ ಬ್ರೈನ್ ಯುದ್ಧಕಾಲದಲ್ಲೇ ವಿಮಾನದ ಲೋಹವನ್ನು ಅಂಟಿನಿಂದ ಕೂಡಿಸಿ ತೋರಿಸಿದ್ದರು. ಅವರ ಅಂಟು ಬೇರೆ ಬಗೆಯದು, ಆದರೆ ಲೋಹ ಅಂಟುತ್ತದೆಂಬ ಧೈರ್ಯ ಬಂದದ್ದು ಅಲ್ಲಿಂದ. 1946ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ಅರಾಲ್ಡೈಟ್ ಬಂತು. ನಮ್ಮ ಮನೆಗಳಲ್ಲಿ ಎರಡು ಟ್ಯೂಬ್ ಹಿಂಡಿ ಕಲಸುವ ಅರಾಲ್ಡೈಟ್ ಇದೇ. ಸೋರುವ ಪೈಪಿಗೆ ನಾದಿ ಮೆತ್ತುವ ಎಂ-ಸೀಲ್ ಕೂಡ ಎಪಾಕ್ಸಿಯೇ.

ಆದರೆ ಪೈಪಿಗೆ ಮೆತ್ತಿದಂತೆ ದೋಣಿಗೆ ಮೆತ್ತಿದವರು ಮುಂದಿನ ಬೇಸಿಗೆಗೆ ಅದು ಹಪ್ಪಳದಂತೆ ಏಳುವುದನ್ನು ನೋಡುತ್ತಾರೆ. ತಪ್ಪು ಎಪಾಕ್ಸಿಯದಲ್ಲ, ಅದೇ ಆಕ್ಸೈಡ್ ಪೊರೆಯದು. ಅಂಟು ಹಿಡಿದದ್ದು ಪೊರೆಯನ್ನು, ಲೋಹವನ್ನಲ್ಲ. ಉಜ್ಜಿ ತೆಗೆದರೂ ಅದು ಮತ್ತೆ ಕಟ್ಟುತ್ತದೆ. ಇದಕ್ಕೆ ದೋಣಿಗಾರರು ಕಂಡುಕೊಂಡ ಉಪಾಯ ನನಗೆ ಬಹಳ ಹಿಡಿಸಿತು. ಎಣ್ಣೆ, ಬಣ್ಣ, ಹಳೆಯ ಸೀಲಂಟ್ ತೆಗೆದು ಒಣಗಿಸಿ, ಮೊದಲು ಎಪಾಕ್ಸಿ ಹಚ್ಚುವುದು, ಅದು ಹಸಿಯಾಗಿರುವಾಗಲೇ ಅದರೊಳಗೇ ತಂತಿ ಬ್ರಷ್‌ನಿಂದ ತಗಡನ್ನು ಉಜ್ಜುವುದು. ಪೊರೆ ಹರಿದ ಜಾಗಕ್ಕೆ ಗಾಳಿಗಿಂತ ಮೊದಲು ಅಂಟೇ ತಲುಪುತ್ತದೆ. ತಗಡನ್ನು ತುಸು ಬೆಚ್ಚಗೆ ಮಾಡಿಕೊಂಡರೆ ಎಪಾಕ್ಸಿ ತೆಳುವಾಗಿ ಸಂದಿಯೊಳಕ್ಕೆ ಇಳಿಯುತ್ತದೆ. ಮಿಶಿಗನ್ ರಾಜ್ಯದ ಬೇ ಸಿಟಿಯ ಗೂಜನ್ ಬ್ರದರ್ಸ್ ಕಂಪನಿ ಅಲ್ಯೂಮಿನಿಯಂ ದೋಣಿಗೆಂದೇ, ತುಸು ಬಾಗಿಯೂ ಬಿರಿಯದ ಎಪಾಕ್ಸಿಯನ್ನು ಮಾರುತ್ತದೆ.

ಹಾಗೆಂದು ಅಂಟನ್ನು ಎಲ್ಲ ಕಡೆ ನಂಬಲಾಗದು. ಎಂಜಿನ್ ತೂಗುಹಾಕುವ ಹಿಂಬದಿಯ ಗೋಡೆಯ ಬಿರುಕು, ಕೈ ತೂರುವಷ್ಟು ಹರಿದ ತಗಡು, ಒಳಗಿನ ಚೌಕಟ್ಟಿನ ಮುರಿತ: ಇವು ಭಾರ ಹೊರುವ ಜಾಗಗಳು, ಹೊಸ ತುಂಡು, ಹೊಸ ರಿವೆಟ್ ಅಥವಾ ವೆಲ್ಡಿಂಗ್ ಬೇಕು. ಚಿಕ್ಕ ಬಿರುಕಾದರೂ ಅದರ ತುದಿಗೆ ಸಣ್ಣ ತೂತು ಕೊರೆದು ನಿಲ್ಲಿಸದಿದ್ದರೆ ಎಪಾಕ್ಸಿಯ ಅಡಿಯಲ್ಲೇ ಅದು ಮುಂದುವರಿಯುತ್ತದೆ. ಇನ್ನು ತಳದಲ್ಲಿ ಬಿದ್ದ ತಾಮ್ರದ ನಾಣ್ಯ, ಒದ್ದೆ ಕಾರ್ಪೆಟ್ಟು, ತಾಮ್ರದ ಮದ್ದು ಹಾಕಿದ ಮರದ ಹಲಗೆಗಳು ಒಳಗಿನಿಂದ ತಗಡನ್ನು ತಿನ್ನುತ್ತವೆ. ಅವನ್ನು ತೆಗೆಯದೆ ಯಾವ ರಿಪೇರಿ ಮಾಡಿದರೂ ದುಡ್ಡು ದಂಡ.

"ಈ ವರ್ಷ ಎಪಾಕ್ಸಿ ಹಚ್ಚೋಣ, ತಡೆಯದಿದ್ದರೆ ಬರುವ ವರ್ಷ ವೆಲ್ಡಿಂಗ್" ಎನ್ನುವವರೂ ಇದ್ದಾರೆ. ಕೇಳಲು ಜಾಣತನ. ಆದರೆ ಬೆಸುಗೆಯ ಮೇಲೆ ಎಪಾಕ್ಸಿ ಹಚ್ಚಬಹುದು. ಎಪಾಕ್ಸಿ ಹೊಕ್ಕ ಸಂದಿಯಲ್ಲಿ ಬೆಸುಗೆ ಹಿಡಿಯುವುದಿಲ್ಲ. ಎಪಾಕ್ಸಿ ಸುಟ್ಟು ಹೊಗೆಯಾಡುತ್ತದೆ, ಅದರ ಮಸಿ ಲೋಹದಲ್ಲಿ ಬೆರೆಯುತ್ತದೆ. ಕೊನೆಯ ಚೂರಿನವರೆಗೂ ಉಜ್ಜಿ ತೆಗೆದು ತಂದರೆ ಮಾತ್ರ ವೆಲ್ಡರ್ ದೋಣಿಗೆ ಕೈ ಹಾಕುತ್ತಾನೆ, ಆ ಉಜ್ಜುವ ಕೆಲಸದ ಕೂಲಿ ಬೇರೆ.